ಹಳೇ ಕಟ್ಟಡವನ್ನು ಭೂಕಂಪಕ್ಕೆ ಗಟ್ಟಿ ಮಾಡಿದರೆ ಪರಿಸರಕ್ಕೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್ ಕಡೆಯ ಕಲ್ಲಿನ ಮನೆಗಳ ಬಗ್ಗೆ, ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಬಗ್ಗೆ ಮಾತು ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳಿವು. ಕೆಲವು ಎದುರಿಗೆ ಕೇಳಿದ್ದು, ಕೆಲವು ಬರೆದು ಕೇಳಿದ್ದು. ಸಾಧ್ಯವಾದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಲೆಕ್ಕಾಚಾರದ್ದು ಕೊನೆಗೆ. ಕೆಳಗೆ ಎಲ್ಲೆಲ್ಲಿ ‘ಇಂಗಾಲ’ ಎಂದಿದೆಯೋ ಅಲ್ಲೆಲ್ಲ ಇಂಗಾಲದ ಡೈಆಕ್ಸೈಡ್ ಎಂದು ಓದಿಕೊಳ್ಳಿ.

## ಮೊದಲ ಪ್ರಶ್ನೆಗಳು

ಭೂಕಂಪ ಅಂದ್ರೆ ಜೀವ ಉಳಿಸೋ ವಿಷಯ. ಇದರಲ್ಲಿ ಪರಿಸರ ಎಲ್ಲಿಂದ ಬಂತು?

ಜೀವವೇ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆ ಬಿದ್ದ ಮೇಲೆ ಏನಾಗುತ್ತದೆ ಎಂದು ಸ್ವಲ್ಪ ಯೋಚಿಸಿ. ಬಿದ್ದಿದ್ದನ್ನು ಎಲ್ಲೋ ಸುರಿಯಬೇಕು. ಅದೇ ಜಾಗದಲ್ಲೋ ಬೇರೆ ಜಾಗದಲ್ಲೋ ಇನ್ನೊಂದು ಮನೆ ಏಳಬೇಕು. 2001ರ ಜನವರಿ 26ರಂದು ಭುಜ್ ಭೂಕಂಪದಲ್ಲಿ 3 ಲಕ್ಷಕ್ಕೂ ಹೆಚ್ಚು ಮನೆಗಳು ನೆಲಸಮವಾದವು. ಅಷ್ಟನ್ನೂ ಮತ್ತೆ ಕಟ್ಟಲು ಬೇಕಾದ ಸಿಮೆಂಟ್, ಕಂಬಿ, ಇಟ್ಟಿಗೆ, ಮರಳು, ನೀರು ಎಲ್ಲವೂ ಭೂಮಿಯಿಂದಲೇ ಬರಬೇಕು.

ಸಿಮೆಂಟ್ ಮಾಡಲು ಸುಣ್ಣದಕಲ್ಲನ್ನು ಸುಮಾರು 1,450 ಡಿಗ್ರಿ ಶಾಖದಲ್ಲಿ ಸುಡುತ್ತಾರೆ. ಅಲ್ಲಿ ಉರಿಯುವ ಕಲ್ಲಿದ್ದಲಿನ ಹೊಗೆ ಒಂದು ಕಡೆ. ಕಲ್ಲಿನೊಳಗಿಂದಲೇ ಹೊರಬರುವ ಇಂಗಾಲ ಇನ್ನೊಂದು ಕಡೆ, ಜಾಸ್ತಿ ಪಾಲು ಇದರದ್ದೇ. ಜಗತ್ತು ಹೊರಬಿಡುವ ಒಟ್ಟು ಇಂಗಾಲದಲ್ಲಿ ಶೇ 7ರಿಂದ 8ರಷ್ಟು ಸಿಮೆಂಟಿನದ್ದು. ಸಿಮೆಂಟ್ ಕಾರ್ಖಾನೆಗಳಿರುವ ವಾಡಿ, ಶಹಾಬಾದ್, ಸೇಡಂ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಣಿಯೂ ಅವರ ಕಣ್ಣೆದುರಿಗೇ ಇದೆ, ಧೂಳೂ ಅವರ ಅಂಗಳಕ್ಕೇ ಬರುತ್ತದೆ.

ಹಾಗಾಗಿ ಬೀಳದೇ ಉಳಿದ ಮನೆ ಎಂದರೆ ಉಳಿದ ಜೀವ. ಜೊತೆಗೆ ಅಗೆಯದೇ ಉಳಿದ ಗಣಿ ಕೂಡ.

ಕರ್ನಾಟಕದಲ್ಲಿ ಭೂಕಂಪ ಎಲ್ಲಿ ಬರುತ್ತೆ? ಸುಮ್ನೆ ಹೆದರಿಸ್ತಿದೀರಾ?

ಹಿಮಾಲಯದಷ್ಟು ಅಪಾಯ ನಮಗಿಲ್ಲ, ಅದು ನಿಜ. ಆದರೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯವರೂ ಹೀಗೇ ಅಂದುಕೊಂಡಿದ್ದರು. ಆಗಿನ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯ 1ರಲ್ಲಿತ್ತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿ ಕಳಿಸಿ ಬಂದು ಜನ ಮಲಗಿದ್ದ ಹೊತ್ತಿಗೆ, 6.2 ತೀವ್ರತೆಯ ಕಂಪನವಾಯಿತು. ಸರ್ಕಾರದ ಲೆಕ್ಕದಲ್ಲೇ ಸುಮಾರು 8 ಸಾವಿರ ಜನ ಸತ್ತರು. 2002ರ ಪರಿಷ್ಕರಣೆಯಲ್ಲಿ ವಲಯ 1 ಎನ್ನುವುದನ್ನೇ ತೆಗೆದುಹಾಕಿದರು. ಕಿಲ್ಲಾರಿ ವಲಯ 3ಕ್ಕೆ ಬಂತು.

ಆಳಂದ, ಬಸವಕಲ್ಯಾಣಕ್ಕೆ ಆ ಊರು ದೂರವೇನಲ್ಲ. ಎರಡೂ ಕಡೆ ಮನೆ ಕಟ್ಟುವ ರೀತಿ ಒಂದೇ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ 4ರ ಆಸುಪಾಸಿನ ಕಂಪನಕ್ಕೇ ಜನ ಮನೆಯೊಳಗೆ ಮಲಗಲು ಹೆದರಿ ಹೊರಗೆ ಕಾಲ ಕಳೆದರು. 2016ರ ಭೂಕಂಪ ಸಂಹಿತೆ (ಕಟ್ಟಡಗಳಿಗೆ ದೇಶದ ನಿಯಮ ಪುಸ್ತಕ) ನೋಡಿದರೆ ಕರಾವಳಿ, ಬೆಳಗಾವಿ, ವಿಜಯಪುರ ವಲಯ 3ರಲ್ಲಿವೆ. ಬೆಂಗಳೂರು, ಕಲಬುರಗಿ ವಲಯ 2ರಲ್ಲಿವೆ. ಅಪಾಯ ಕಡಿಮೆ. ಆದರೆ ಇಲ್ಲವೇ ಇಲ್ಲ ಅಂತಲ್ಲ.

ಹಳೇದು ಕೆಡವಿ ಆರ್‌ಸಿಸಿ ಮನೆ ಕಟ್ಟಿದ್ರೆ ಮುಗೀತಲ್ಲ? ಹೊಸದು ಹೇಗೂ ಗಟ್ಟಿ.

ಹೊಸದೆಲ್ಲ ಗಟ್ಟಿ ಎನ್ನುವ ನಂಬಿಕೆಯನ್ನು ಭುಜ್ ಭೂಕಂಪವೇ ಸುಳ್ಳು ಮಾಡಿತು. ಭೂಕಂಪದ ಕೇಂದ್ರದಿಂದ 200 ಕಿಲೋಮೀಟರ್‌ಗೂ ಆಚೆ ಇದ್ದ ಅಹಮದಾಬಾದಿನಲ್ಲಿ ಕುಸಿದದ್ದು ಆರ್‌ಸಿಸಿ ಅಪಾರ್ಟ್‌ಮೆಂಟ್‌ಗಳು. ಅವುಗಳಲ್ಲಿ ಎಷ್ಟೋ ಕಟ್ಟಿ ಹೆಚ್ಚು ವರ್ಷ ಆಗಿರಲಿಲ್ಲ. ಕಂಬಕ್ಕೆ ರಿಂಗು ಸರಿಯಾಗಿ ಕಟ್ಟದೆ, ಕಾಂಕ್ರೀಟಿಗೆ ಕ್ಯೂರಿಂಗ್ ಮಾಡದೆ ಎಬ್ಬಿಸಿದ ಹೊಸ ಮನೆ ಹಳೇ ಮನೆಗಿಂತ ಅಪಾಯದ್ದೂ ಆಗಬಹುದು.

ಪರಿಸರದ ಲೆಕ್ಕದಲ್ಲಂತೂ ಕೆಡವುವುದು ಎರಡು ಸಲ ಹೊಡೆತ. ಹಳೇ ಮನೆಗೆ ಹಾಕಿದ್ದು ಕಸವಾಗುತ್ತದೆ, ಹೊಸದಕ್ಕೆ ಎಲ್ಲವನ್ನೂ ಮತ್ತೆ ತರಬೇಕು. ಭಾರತದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಕೇಂದ್ರ ಸರ್ಕಾರದ ಟೈಫ್ಯಾಕ್ ಎಂಬ ತಂತ್ರಜ್ಞಾನ ಸಂಸ್ಥೆಯ ಅಂದಾಜಿನ ಪ್ರಕಾರ, ಕಟ್ಟಡ ಕೆಡವಿದರೆ ಚದರ ಮೀಟರಿಗೆ 300ರಿಂದ 500 ಕಿಲೋ ತ್ಯಾಜ್ಯ. ರಿಪೇರಿ, ನವೀಕರಣವಾದರೆ 40ರಿಂದ 50 ಕಿಲೋ. ಹತ್ತರಲ್ಲಿ ಒಂದು ಪಾಲು! ಕೆಡವಲೇಬೇಕಾದ ಮನೆಗಳೂ ಇವೆ, ಅದಕ್ಕೆ ಕೊನೆಯ ಪ್ರಶ್ನೆ ನೋಡಿ.

## ಕಲ್ಲು, ಮಣ್ಣು, ಹಂಚಿನ ಮನೆಗಳು

ನಮ್ಮದು ಎರಡಡಿ ದಪ್ಪದ ಕಲ್ಲಿನ ಗೋಡೆ. ಅಜ್ಜನ ಕಾಲದಿಂದ ನಿಂತಿದೆ. ಅದಕ್ಕೇನಾಗುತ್ತೆ?

ಹೊರಗಿನಿಂದ ಒಂದೇ ಗೋಡೆ ಅನಿಸುತ್ತದೆ. ಒಂದು ಮೂಲೆ ಬಿಚ್ಚಿ ನೋಡಿದರೆ ಎರಡು ಗೋಡೆ ಕಾಣುತ್ತವೆ. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ನಡುವೆ ಮಣ್ಣು ಮತ್ತು ಚೂರುಕಲ್ಲು. ಈ ಕಡೆಯಿಂದ ಆ ಕಡೆಗೆ ಹಾಯುವ ಉದ್ದ ಕಲ್ಲುಗಳನ್ನು ಇಟ್ಟಿದ್ದರೆ ಎರಡೂ ಸಾಲು ಒಂದಾಗಿ ನಿಲ್ಲುತ್ತಿದ್ದವು. ಖರ್ಚು ಉಳಿಸಲು ಬಹಳ ಮನೆಗಳಲ್ಲಿ ಅವನ್ನು ಬಿಟ್ಟಿದ್ದಾರೆ. ನೆಲ ಅಲುಗಿದಾಗ ಎರಡು ಸಾಲೂ ಬೇರೆ ಬೇರೆಯಾಗಿ ಹೊಟ್ಟೆ ಬಿಡುತ್ತವೆ, ಆಮೇಲೆ ಉದುರುತ್ತವೆ. ಕಿಲ್ಲಾರಿಯಲ್ಲಿ ಹೆಚ್ಚಿನ ಜನ ಸತ್ತದ್ದು ಹೀಗೆ ಉದುರಿದ ಕಲ್ಲು ಮತ್ತು ಮಾಳಿಗೆಯ ಮಣ್ಣಿನ ಕೆಳಗೆ. ಗೋಡೆ ಬಿದ್ದರೂ ಒಳಗಿನ ಮರದ ಕಂಬಗಳ ಮೇಲೆ ಮಾಳಿಗೆ ನಿಂತೇ ಇದ್ದ ಮನೆಗಳೂ ಅಲ್ಲಿದ್ದವು.

ಇದಕ್ಕೆ ಮದ್ದು ಐಎಸ್ 13935 ಸಂಹಿತೆಯಲ್ಲಿದೆ. ಗೋಡೆಯಲ್ಲಿ ಸುಮಾರು ಒಂದು ಮೀಟರಿಗೊಂದರಂತೆ ಜಾಗ ಗುರುತು ಮಾಡುತ್ತಾರೆ. ಅಲ್ಲಿನ ಗಿಲಾವು ಕೆರೆದು, ಒಂದು ಕಲ್ಲಿನ ಸುತ್ತಲಿನ ಮಣ್ಣನ್ನು ಚಿಕ್ಕ ಸರಳಿನಿಂದ ನಿಧಾನವಾಗಿ ಬಿಡಿಸಿ, ಕಲ್ಲನ್ನು ಮೆಲ್ಲಗೆ ಹೊರಗೆ ಎಳೆಯುತ್ತಾರೆ. ಸುತ್ತಿಗೆಯಿಂದ ಜೋರಾಗಿ ಹೊಡೆದರೆ ಪಕ್ಕದ್ದೂ ಸಡಿಲವಾಗುತ್ತದೆ. ಹಾಗೇ ಆಚೆ ಬದಿಯವರೆಗೆ ಮೂರು ಇಂಚಿನಷ್ಟು ಅಗಲದ ರಂಧ್ರ ಮಾಡಿ, ಎರಡೂ ಬಾಯಿಗಳನ್ನು ಸ್ವಲ್ಪ ಅಗಲ ಬಿಡುತ್ತಾರೆ. ಒಳಗೆ ಎರಡೂ ತುದಿ ಕೊಕ್ಕೆ ಮಾಡಿದ 8 ಎಂಎಂ ಕಂಬಿ ಇಟ್ಟು ಕಾಂಕ್ರೀಟ್ ತುಂಬುತ್ತಾರೆ. ಹತ್ತು ದಿನ ನೀರು ಹಾಕಿದರೆ ಆಯಿತು. ಎರಡು ಸಾಲಿಗೂ ಗುಂಡಿ ಹಾಕಿದಂತೆ ಅದು. ಊರಿನ ಗೌಂಡಿಯೇ ಮಾಡುವ ಕೆಲಸ, ದೊಡ್ಡ ಯಂತ್ರ ಬೇಡ. ಇದರ ಜೊತೆಗೆ ಬಾಗಿಲ ತಲೆಯ ಮಟ್ಟದಲ್ಲಿ ಗೋಡೆಯ ಎರಡೂ ಬದಿಗೆ ವೆಲ್ಡ್ ಮೆಶ್ (ಬೆಸೆದ ತಂತಿ ಬಲೆ) ಪಟ್ಟಿ ಕಟ್ಟಿ ಗಾರೆ ಹಾಕಿದರೆ ಮೂಲೆಗಳು ಬಿಚ್ಚಿಕೊಳ್ಳುವುದಿಲ್ಲ.

ಒಂದು ಮನೆಗೆ ಎಷ್ಟು ಸಿಮೆಂಟ್, ಎಷ್ಟು ಕಂಬಿ? ಲೆಕ್ಕ ಹಾಕಿ ತೋರಿಸಿ.

800 ಚದರ ಅಡಿಯ ಮನೆ ಎಂದುಕೊಳ್ಳೋಣ. ಹೊರಗೋಡೆ ಸುತ್ತಳತೆ 35 ಮೀಟರ್, ಎತ್ತರ 3 ಮೀಟರ್. ಕಿಟಕಿ ಬಾಗಿಲು ಬಿಟ್ಟು ಸುಮಾರು 100 ಕಡೆ ರಂಧ್ರ. ಅವಕ್ಕೆ 3 ಚೀಲ ಸಿಮೆಂಟ್ ಸಾಕು. ಮೆಶ್ ಪಟ್ಟಿಯ ಗಾರೆಗೆ, ಒಳಗೋಡೆಗಳನ್ನೂ ಸೇರಿಸಿ, 12 ಚೀಲ. ಒಟ್ಟು 15 ಚೀಲ, ಅಂದರೆ 750 ಕಿಲೋ. ಕಂಬಿ, ಮೆಶ್ ಸೇರಿ 150 ಕಿಲೋ.

ಅದೇ ಅಳತೆಯ ಹೊಸ ಆರ್‌ಸಿಸಿ ಮನೆಗೆ ಮೇಸ್ತ್ರಿಗಳು ಹೇಳುವ ಅಂದಾಜು ಚದರ ಅಡಿಗೆ 0.4 ಚೀಲ ಸಿಮೆಂಟ್, 3.5 ಕಿಲೋ ಕಂಬಿ. ಹಾಗಾದರೆ 320 ಚೀಲ ಸಿಮೆಂಟ್, 2,800 ಕಿಲೋ ಕಂಬಿ ಬೇಕು.

ನಮ್ಮ ದೇಶದಲ್ಲಿ ಒಂದು ಟನ್ ಸಿಮೆಂಟಿಗೆ ಸುಮಾರು 0.7 ಟನ್, ಒಂದು ಟನ್ ಉಕ್ಕಿಗೆ ಸುಮಾರು 2.5 ಟನ್ ಇಂಗಾಲ ಹೊರಬೀಳುತ್ತದೆ. ಗುಣಿಸಿ ನೋಡಿ. ಬಲಪಡಿಸಿದರೆ ಸುಮಾರು 0.9 ಟನ್. ಹೊಸದಾದರೆ ಸುಮಾರು 18 ಟನ್. ಹೊಸ ಮನೆಯ ಇಟ್ಟಿಗೆ, ಜಲ್ಲಿ, ಟೈಲ್ಸ್, ಲಾರಿ ಬಾಡಿಗೆಯ ಡೀಸೆಲ್ ಯಾವುದನ್ನೂ ಇದರಲ್ಲಿ ಸೇರಿಸಿಲ್ಲ. ಇದು ಕೈಲೆಕ್ಕ. ನಿಮ್ಮ ಮನೆಗೆ ಅಂಕಿ ಹೆಚ್ಚುಕಡಿಮೆ ಆಗುತ್ತದೆ. ಆದರೆ ಇಪ್ಪತ್ತರಲ್ಲಿ ಒಂದು ಎನ್ನುವ ಅಂತರ ಅಷ್ಟು ಸುಲಭಕ್ಕೆ ಅಳಿಸಿಹೋಗುವಂಥದ್ದಲ್ಲ.

ಮಾಳಗಿ ಮ್ಯಾಲಿನ ಮಣ್ಣು ತಗೀರಿ ಅಂತೀರಿ. ತಗದ್ರ ಬ್ಯಾಸಿಗ್ಯಾಗ ಮನಿ ಕಾಯಂಗಿಲ್ಲೇನ್ರಿ?

ಪೂರ್ತಿ ತೆಗೆದರೆ ಖಂಡಿತ ಕಾಯುತ್ತದೆ. ಯಾರೂ ಪೂರ್ತಿ ತೆಗೆಯಿರಿ ಎನ್ನುವುದಿಲ್ಲ. ಮಾಳಿಗೆ ಸೋರಿದಾಗಲೆಲ್ಲ ಮಳೆಗಾಲಕ್ಕೆ ಮುಂಚೆ ಒಂದು ಪದರ ಸವಳು ಮಣ್ಣು ಹಾಕುತ್ತಾ ಬಂದಿರುತ್ತಾರೆ. ಹಳೇದನ್ನು ಯಾರೂ ಕೆರೆಯುವುದಿಲ್ಲ. ಎರಡು ತಲೆಮಾರಿನಲ್ಲಿ ಅದು ಒಂದೂವರೆ ಅಡಿ ಆಗಿರುತ್ತದೆ. ಭೂಕಂಪದ ಹೊಡೆತ ಭಾರಕ್ಕೆ ತಕ್ಕಂತೆ ಬೀಳುತ್ತದೆ. ತಲೆಯ ಮೇಲೆ ಭಾರ ಜಾಸ್ತಿ ಇದ್ದಷ್ಟೂ ಗೋಡೆಗೆ ಕಷ್ಟ.

ಒಂದೂವರೆ ಅಡಿಯನ್ನು ಮುಕ್ಕಾಲು ಅಡಿಗೆ ಇಳಿಸಿದರೆ 800 ಚದರ ಅಡಿಯ ಮಾಳಿಗೆಯಿಂದ ಸುಮಾರು 25 ಟನ್ ಭಾರ ಇಳಿಯುತ್ತದೆ. ಇಷ್ಟು ಲಾಭ ಕೊಡುವ, ಇಷ್ಟು ಕಡಿಮೆ ಇಂಗಾಲದ ಕೆಲಸ ಇನ್ನೊಂದಿಲ್ಲ. ಬೇಕಾದದ್ದು ಸಲಿಕೆ, ಬುಟ್ಟಿ ಮತ್ತು ಕೂಲಿ. ಸೋರದಂತೆ ಮಣ್ಣಿನ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ಪ್ರತಿ ವರ್ಷ ಮಣ್ಣು ಹಾಕುವ ಕೆಲಸವೂ ತಪ್ಪುತ್ತದೆ. ಮುಕ್ಕಾಲು ಅಡಿ ಮಣ್ಣು ಕಲಬುರಗಿಯ ಬಿಸಿಲನ್ನು ಚೆನ್ನಾಗಿಯೇ ತಡೆಯುತ್ತದೆ. ನಾಲ್ಕೈದು ಇಂಚಿನ ಬರಿಯ ಆರ್‌ಸಿಸಿ ತಾರಸಿ ಆ ಬಿಸಿಲಿಗೆ ಎಷ್ಟು ಕಾಯುತ್ತದೆ ಎನ್ನುವುದು ಅದರ ಕೆಳಗೆ ಏಪ್ರಿಲ್‌ನಲ್ಲಿ ಮಲಗಿದವರಿಗೆ ಗೊತ್ತು.

ಮಣ್ಣು ಇಳಿಸುವಾಗ ತೊಲೆ, ಜಂತಿ ನೋಡಿಕೊಳ್ಳಿ. ಗೆದ್ದಲು ಹಿಡಿದದ್ದು ಸಿಗುತ್ತದೆ, ಬದಲಾಯಿಸಿ. ಕಂಬ ಮತ್ತು ತೊಲೆ ಸೇರುವ ಕಡೆ ಓರೆಯಾಗಿ ಒಂದು ಮರದ ತುಂಡು ಬಡಿದರೆ ಇಡೀ ಚೌಕಟ್ಟು ಬಿಗಿಯಾಗುತ್ತದೆ.

ಇಳಿಸಿದ ಮಣ್ಣು, ತೆಗೆದ ಕಲ್ಲು ಎಲ್ಲಿಗೆ ಹಾಕೋದು?

ಮಣ್ಣು ನೆಲಕ್ಕೇ ವಾಪಸ್ ಹೋಗಬಹುದು. ಹಿತ್ತಲಿನ ತಗ್ಗು ತುಂಬಲು, ಬದು ಏರಿಸಲು ಬಳಸಿ. ಸವಳು ಮಣ್ಣನ್ನು ಮಾತ್ರ ಬೆಳೆಯುವ ಹೊಲಕ್ಕೆ ಹಾಕಬೇಡಿ, ಅದರಲ್ಲಿ ಉಪ್ಪು ಇರುತ್ತದೆ. ತೆಗೆದ ಕಲ್ಲು ಕಾಂಪೌಂಡಿಗೆ, ಕಟ್ಟೆಗೆ ಆಗುತ್ತದೆ. ಸಿಮೆಂಟ್ ಬೆರೆತ ಗಿಲಾವಿನ ಚೂರು, ಬಣ್ಣದ ಡಬ್ಬಿ, ಎಪಾಕ್ಸಿ ಎಂಬ ಗಟ್ಟಿ ಅಂಟಿನ ಡಬ್ಬಿ ಬೇರೆ ಇಡಬೇಕು. ಕೆರೆಯ ಅಂಚಿಗೆ, ರಾಜಕಾಲುವೆಗೆ ಸುರಿಯುವುದು ಕಟ್ಟಡ ತ್ಯಾಜ್ಯ ನಿಯಮಗಳಿಗೆ ವಿರುದ್ಧ. ಬೆಂಗಳೂರಿನ ಕೆರೆಗಳ ಅಂಚಿನಲ್ಲಿ ಈಗಲೂ ರಾತ್ರಿ ಹೊತ್ತು ಟ್ರ್ಯಾಕ್ಟರುಗಳು ಬಂದು ಸುರಿದು ಹೋಗುತ್ತವೆ. ನಮ್ಮ ಮನೆಯ ಕಸ ಎಲ್ಲಿಗೆ ಹೋಗುತ್ತದೆ ಎಂದು ಗುತ್ತಿಗೆದಾರರನ್ನು ಕೇಳುವ ಹಕ್ಕು ನಮಗಿದೆ, ಕೇಳಬೇಕು.

ಕಿಲ್ಲಾರಿಯಲ್ಲಿ ಊರಿಗೆ ಊರನ್ನೇ ಬೇರೆ ಕಡೆ ಕಟ್ಟಿದ್ರಲ್ಲ, ಅದು ತಪ್ಪಾ?

ಅಷ್ಟು ಸಾವು ನೋಡಿದ ಜನ ಅದೇ ಕಲ್ಲಿನ ನಡುವೆ ಮತ್ತೆ ಬದುಕಲು ಒಪ್ಪದಿದ್ದದ್ದು ಸಹಜ. ಅವರ ಭಯವನ್ನು ಯಾರೂ ತಪ್ಪು ಎನ್ನಲಾಗದು. ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ 52 ಊರುಗಳು ಪೂರ್ತಿ ಸ್ಥಳಾಂತರವಾದವು. ಒತ್ತೊತ್ತಾಗಿ ಇದ್ದ ಊರುಗಳು ನೇರ ರಸ್ತೆ, ಅಗಲವಾದ ಸೈಟುಗಳ ಬಡಾವಣೆಗಳಾದವು. ಅದಕ್ಕೆ ಹೋದದ್ದು ಹೊಲದ ಜಾಗ. ಅಗಲ ಊರು ಎಂದರೆ ಉದ್ದದ ರಸ್ತೆ, ಉದ್ದದ ಪೈಪು, ಉದ್ದದ ಚರಂಡಿ. ಪರಿಸರದ ಲೆಕ್ಕದಲ್ಲಿ ಇವೂ ಬರಬೇಕು.

ಅದೇ ಯೋಜನೆಯ ಇನ್ನೊಂದು ಭಾಗದಲ್ಲಿ ಕಡಿಮೆ ಹಾನಿಯಾದ ಮನೆಗಳನ್ನು ಇದ್ದಲ್ಲೇ ದುರಸ್ತಿ ಮಾಡಿ ಬಲಪಡಿಸಲು ನೆರವು ಕೊಟ್ಟರು. ಆದರೆ ಎಷ್ಟೋ ಕುಟುಂಬಗಳು ಆ ಸಿಮೆಂಟ್, ಕಂಬಿಯಲ್ಲಿ ಹಳೇ ಮನೆ ಪಕ್ಕ ಒಂದು ಹೊಸ ಕೋಣೆ ಎಬ್ಬಿಸಿದವು. ಹಳೇ ಮನೆ ಹಾಗೇ ಉಳಿಯಿತು, ಅಪಾಯವೂ ಉಳಿಯಿತು. ನನಗೆ ಕಾಣುವ ಕಾರಣ ಇಷ್ಟೇ: ಕಲ್ಲಿನ ಮನೆಯನ್ನೂ ಗಟ್ಟಿ ಮಾಡಬಹುದು ಎಂದು ಕಣ್ಣಾರೆ ಕಂಡವರು ಕಡಿಮೆ. ಊರಿಗೊಂದು ಮನೆಯನ್ನು ಹೀಗೆ ಮಾಡಿ ತೋರಿಸುವುದು ನೂರು ಭಾಷಣಕ್ಕಿಂತ ಮೇಲು.

ನಮ್ಮದು ಕರಾವಳಿ. ಮುರಕಲ್ಲಿನ ಗೋಡೆ, ಹಂಚಿನ ಮಾಡು. ನಮಗೂ ಇದೆಲ್ಲ ಬೇಕಾ?

ವಲಯ 3 ಆದ್ದರಿಂದ ಬೇಕು, ಆದರೆ ಕೆಲಸ ಹಗುರ. ಹಂಚಿನ ಮಾಡು ಮಣ್ಣಿನ ಮಾಳಿಗೆಯಷ್ಟು ಭಾರವಿಲ್ಲ. ತೊಂದರೆ ಇರುವುದು ಜೋಡಣೆಯಲ್ಲಿ. ಪಕಾಸು (ಮಾಡಿನ ಓರೆ ಮರ) ಗೋಡೆಯ ಮೇಲೆ ಸುಮ್ಮನೆ ಕೂತಿರುತ್ತದೆ, ತ್ರಿಕೋನದ ಗೋಡೆ ಒಂಟಿಯಾಗಿ ನಿಂತಿರುತ್ತದೆ. ಪಕಾಸನ್ನು ಗೋಡೆಗೆ ಕಬ್ಬಿಣದ ಪಟ್ಟಿಯಿಂದ ಬಿಗಿದು, ಮಾಡಿನ ಮರಕ್ಕೆ ಓರೆ ಪಟ್ಟಿ ಹೊಡೆದು, ಗೋಡೆಯ ತಲೆಗೆ ಒಂದು ಬೆಲ್ಟ್ ಕೊಟ್ಟರೆ ಬಹಳಷ್ಟು ಆಯಿತು. ಹಂಚು ಇಳಿಸುವಾಗ ಜೋಪಾನ. ಹಳೇ ಮಂಗಳೂರು ಹಂಚನ್ನು ತೊಳೆದು ಮತ್ತೆ ಹೊದಿಸಬಹುದು, ಹೊಸ ಹಂಚು ಸುಡುವ ಸೌದೆ ಉಳಿಯುತ್ತದೆ. ಹಂಚು ತೆಗೆದು ತಾರಸಿ ಹಾಕುವ ಆಸೆ ಇದ್ದರೆ ದಯವಿಟ್ಟು ಬಿಡಿ. ಹಳೇ ಮುರಕಲ್ಲಿನ ಗೋಡೆ ಮೇಲೆ ಕಾಂಕ್ರೀಟ್ ಹೊರಿಸುವುದು ಭೂಕಂಪಕ್ಕೂ ಕೆಟ್ಟದ್ದು, ಸೆಕೆಗೂ ಕೆಟ್ಟದ್ದು.

## ಅಪಾರ್ಟ್‌ಮೆಂಟ್ ಮತ್ತು ಕಾಂಕ್ರೀಟ್ ಕಟ್ಟಡಗಳು

ನಮ್ಮ ಬಿಲ್ಡಿಂಗ್‌ನಲ್ಲಿ ಕೆಳಗೆ ಪೂರ್ತಿ ಪಾರ್ಕಿಂಗ್, ಬರೀ ಕಂಬ. ಅದನ್ನ ಗಟ್ಟಿ ಮಾಡೋಕೆ ಎಷ್ಟು ಇಂಗಾಲ ಖರ್ಚಾಗುತ್ತೆ?

ನೀವು ಹೇಳುತ್ತಿರುವುದೇ ಅಹಮದಾಬಾದಿನಲ್ಲಿ ಕುಸಿದ ಮಾದರಿ. ಮೇಲಿನ ಮಹಡಿಗಳಲ್ಲಿ ಗೋಡೆ ಇರುವುದರಿಂದ ಅವು ಬಿಗಿ. ಕೆಳಗೆ ಗೋಡೆ ಇಲ್ಲ. ಅಲುಗಾಟವೆಲ್ಲ ಕೆಳಗಿನ ಕಂಬಗಳ ಮೇಲೆ ಬೀಳುತ್ತದೆ. ಹಾಗಾಗಿ ಕೆಲಸವೂ ಬಹುಪಾಲು ಆ ಒಂದು ಮಹಡಿಯಲ್ಲೇ ಆಗಬೇಕು.

ನಾಲ್ಕು ಮಹಡಿ, 12 ಕಂಬ, 13,000 ಚದರ ಅಡಿಯ ಕಟ್ಟಡ ತೆಗೆದುಕೊಳ್ಳಿ. ಕೆಳಗಿನ ಪ್ರತಿ ಕಂಬದ ಸುತ್ತ ನಾಲ್ಕು ಇಂಚು ಹೊಸ ಕಾಂಕ್ರೀಟ್ ಹೊದಿಸಿದರೆ ಸುಮಾರು 7 ಘನ ಮೀಟರ್ ಕಾಂಕ್ರೀಟ್, ಒಂದು ಟನ್ ಕಂಬಿ. ಇಂಗಾಲ 5 ಟನ್‌ನಷ್ಟು. ಪಾಯದಲ್ಲೂ ಕೆಲಸ ಬಂದರೆ ಹತ್ತಕ್ಕೆ ಏರಬಹುದು. ಅಷ್ಟೇ ದೊಡ್ಡ ಕಟ್ಟಡವನ್ನು ಹೊಸದಾಗಿ ಕಟ್ಟಿದರೆ ಸಿಮೆಂಟ್, ಉಕ್ಕಿನಿಂದಲೇ ಸುಮಾರು 300 ಟನ್ ಆಗುತ್ತದೆ.

ಎಲ್ಲ ಕಂಬಕ್ಕೂ ಹೊದಿಕೆ ಬೇಕೆಂದೇನಿಲ್ಲ. ಕಾರು ಓಡಾಡದ ಜಾಗ ನೋಡಿ ಎರಡೂ ದಿಕ್ಕಿಗೆ ಕೆಲವು ಕಂಬಗಳ ನಡುವೆ ಕಾಂಕ್ರೀಟ್ ಗೋಡೆ ಎಬ್ಬಿಸಿದರೆ, ಇಲ್ಲವೇ ಉಕ್ಕಿನ ಓರೆ ಪಟ್ಟಿ ಹಾಕಿದರೆ, ಕೆಲವೊಮ್ಮೆ ಅಷ್ಟೇ ಸಾಕಾಗುತ್ತದೆ. ಎಲ್ಲಿ ಹಾಕಬೇಕು ಎನ್ನುವುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಐಎಸ್ 15988 ಪ್ರಕಾರ ಲೆಕ್ಕ ಮಾಡಿ ಹೇಳಬೇಕು. ಒಂದೇ ಮೂಲೆಗೆ ಗೋಡೆ ಹಾಕಿದರೆ ಕಟ್ಟಡ ತಿರುಚಿಕೊಳ್ಳುತ್ತದೆ, ಇದ್ದ ಅಪಾಯ ಹೆಚ್ಚುತ್ತದೆ. ಪರಿಸರದ ದೃಷ್ಟಿಯಿಂದಲೂ ಒಳ್ಳೆಯ ಎಂಜಿನಿಯರಿಗೆ ಕೊಡುವ ಫೀಸು ವ್ಯರ್ಥವಲ್ಲ. ಲೆಕ್ಕ ಬಾರದವರು ಭಯಕ್ಕೆ ಬಿದ್ದು ಎಲ್ಲ ಕಡೆ ಕಾಂಕ್ರೀಟ್ ಸುರಿಸುತ್ತಾರೆ.

ಕೊರೆಯೋದು, ಒಡೆಯೋದು ಶುರುವಾದ್ರೆ ಧೂಳು, ಗದ್ದಲ. ಮನೆಯಲ್ಲಿ ಮಗು ಇದೆ. ಇದು ಪರಿಸರ ಹಾನಿ ಅಲ್ವಾ?

ಹಾನಿಯೇ. ಕಾಂಕ್ರೀಟ್ ಕೊರೆದಾಗ ಬರುವ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಈ ಧೂಳನ್ನು ಎಲ್ಲರಿಗಿಂತ ಜಾಸ್ತಿ ಉಸಿರಾಡುವವರು ಕೆಲಸಗಾರರು. ನೀರು ಚಿಮುಕಿಸಿ ಕೊರೆಯಬೇಕು, ಅವರಿಗೆ ಸರಿಯಾದ ಮಾಸ್ಕ್ ಕೊಡಬೇಕು, ಕೆಲಸದ ಜಾಗಕ್ಕೆ ಪರದೆ ಕಟ್ಟಬೇಕು. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಸಾಲದು. ಎಪಾಕ್ಸಿ ಬಳಸುವ ಕಡೆ ಕೈಗವಸು ಬೇಕು, ಗಾಳಿ ಆಡಬೇಕು.

ಕಲ್ನಾರಿನ (ಆಸ್ಬೆಸ್ಟಸ್) ಶೀಟು ಇದ್ದರೆ ಇನ್ನೂ ಎಚ್ಚರ. ನಾವು ಸಿಮೆಂಟ್ ಶೀಟು ಎಂದು ಕರೆಯುವ ಹಳೇ ಶೀಟುಗಳಲ್ಲಿ ಬಹಳಷ್ಟು ಇವೇ. ಅವನ್ನು ಕತ್ತರಿಸಬೇಡಿ, ಒಡೆಯಬೇಡಿ. ಒದ್ದೆ ಮಾಡಿ ಇಡಿಯಾಗಿ ಇಳಿಸಿ. 1995ರ ಕೋಬೆ ಭೂಕಂಪದಲ್ಲಿ ಸುಮಾರು 2 ಕೋಟಿ ಟನ್ ಅವಶೇಷ ಬಿತ್ತು. ಅದನ್ನು ತೆರವು ಮಾಡಿದ ಕೆಲಸಗಾರರಲ್ಲಿ ಕೆಲವರಿಗೆ ಎಷ್ಟೋ ವರ್ಷಗಳ ನಂತರ ಕಲ್ನಾರಿನಿಂದ ಬರುವ ಕ್ಯಾನ್ಸರ್ ಕಾಣಿಸಿಕೊಂಡಿತು. ಎಚ್ಚರದಿಂದ, ಸಮಯ ತೆಗೆದುಕೊಂಡು ಮಾಡುವ ಬಲಪಡಿಸುವ ಕೆಲಸದಲ್ಲಿ ಧೂಳನ್ನು ಹಿಡಿತದಲ್ಲಿ ಇಡಬಹುದು. ಕುಸಿದ ನಗರದಲ್ಲಿ ಅದು ಆಗದು.

## ಯಾವ ವಸ್ತು ಒಳ್ಳೇದು?

ಕಾರ್ಬನ್ ಫೈಬರ್ ಸುತ್ತಿದ್ರೆ ಸಿಮೆಂಟೇ ಬೇಡ ಅಂತಾರೆ. ಅದು ಹಸಿರಾ?

ಕಾರ್ಬನ್ ಫೈಬರ್ ಎಂದರೆ ಎಪಾಕ್ಸಿಯಿಂದ ಕಂಬಕ್ಕೆ ಅಂಟಿಸುವ ತೆಳ್ಳನೆಯ ನಾರಿನ ಹಾಳೆ. ಕಿಲೋ ಲೆಕ್ಕದಲ್ಲಿ ನೋಡಿದರೆ ಅದು ಹಸಿರಲ್ಲ. ಒಂದು ಕಿಲೋ ಕಾರ್ಬನ್ ಫೈಬರ್ ತಯಾರಿಸಲು 20 ಕಿಲೋಗೂ ಹೆಚ್ಚು ಇಂಗಾಲ ಹೊರಬೀಳುತ್ತದೆ. ಉಕ್ಕಿಗಿಂತ ಅದು ಹಲವು ಪಟ್ಟು. ಆದರೆ ಒಂದು ಕಂಬಕ್ಕೆ ಬೇಕಾಗುವುದು ಕೆಲವೇ ಕಿಲೋ. ಕಾಂಕ್ರೀಟ್ ಹೊದಿಕೆಯಾದರೆ ಟನ್‌ಗಟ್ಟಲೆ. ಹಾಗಾಗಿ ಒಟ್ಟು ಲೆಕ್ಕ ಕೆಲವೊಮ್ಮೆ ಸಮವಾಗುತ್ತದೆ, ಕೆಲವೊಮ್ಮೆ ಫೈಬರೇ ಕಡಿಮೆ ಆಗುತ್ತದೆ. ಕೆಲಸ ಬೇಗ ಮುಗಿಯುತ್ತದೆ, ಜನ ಮನೆ ಖಾಲಿ ಮಾಡಬೇಕಿಲ್ಲ. ತೊಂದರೆ ಎಂದರೆ ಅಂಟಿಸಿದ್ದನ್ನು ಮುಂದೆ ಬಿಡಿಸಿ ಮರುಬಳಕೆ ಮಾಡಲಾಗದು, ಬೆಂಕಿಗೆ ಎಪಾಕ್ಸಿ ತಡೆಯುವುದಿಲ್ಲ. ಸೇತುವೆಗೆ, ಆಸ್ಪತ್ರೆಗೆ ಸರಿ. ಹಳ್ಳಿಯ ಕಲ್ಲಿನ ಮನೆಗೆ ಬೇಡವೇ ಬೇಡ.

ಸುಣ್ಣದ ಗಾರೆ ಸಿಮೆಂಟ್‌ಗಿಂತ ಒಳ್ಳೇದಾ?

ಹಳೇ ಗೋಡೆಗೆ ಹೌದು. ಸುಣ್ಣ ಸುಡಲು 900 ಡಿಗ್ರಿ ಸಾಕು. ಸುಡುವಾಗ ಇಂಗಾಲ ಬಿಡುತ್ತದೆ ನಿಜ, ಆದರೆ ಗಾರೆ ಗಟ್ಟಿಯಾಗುವಾಗ ಗಾಳಿಯಿಂದ ಒಂದಷ್ಟು ವಾಪಸ್ ಹೀರಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಹಳೇ ಗೋಡೆ ತೇವ ಹೀರುತ್ತದೆ, ಬಿಡುತ್ತದೆ. ಮೇಲೆ ಬಿಗಿಯಾಗಿ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಮಣ್ಣಿನ ಗಾರೆ, ಮರದ ತುದಿ ಕೊಳೆಯುತ್ತವೆ. ಬಲ ಬೇಕಾದ ಪಟ್ಟಿಯಲ್ಲಿ ಮಾತ್ರ ಸಿಮೆಂಟ್, ಉಳಿದ ಗಿಲಾವಿಗೆ ಸುಣ್ಣ ಅಥವಾ ಮಣ್ಣು: ನನ್ನ ಮಟ್ಟಿಗೆ ಇದೇ ಸರಿಯಾದ ಹಂಚಿಕೆ.

ಇಟ್ಟಿಗೆ ಗೋಡೆಗೆ ಕಡಿಮೆ ಸಾಮಾನಿನಲ್ಲಿ ಏನಾದ್ರೂ ಇದೆಯಾ?

ಇದೆ, ಬೆಂಗಳೂರಿನಲ್ಲೇ ಹುಟ್ಟಿದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ಭುಜ್‌ನಲ್ಲಿ ಬಿದ್ದ ಗೋಡೆಗಳನ್ನು ಅಧ್ಯಯನ ಮಾಡಿದರು. ಗೋಡೆಯ ನಡುವೆ ಕಂಬಿ ಇಡುವ ಬದಲು, ಎರಡೂ ಮುಖಗಳ ಮೇಲೆ ಸಣ್ಣ ಕಂಬಿಗಳನ್ನು ನಿಲ್ಲಿಸಿ ಅಡ್ಡಕ್ಕೆ ಕಟ್ಟುವ ಉಪಾಯವನ್ನು ಅವರು ಬೆಳೆಸಿದರು. ಗೋಡೆ ಬಾಗಿ ಬಿರುಕು ಬಿಟ್ಟರೂ ಕಂಬಿಗಳು ಅದನ್ನು ಹಿಡಿದುಕೊಳ್ಳುತ್ತವೆ, ಉದುರಲು ಬಿಡುವುದಿಲ್ಲ. ಜಪಾನಿನಲ್ಲಿ ಪಾರ್ಸೆಲ್ ಪೆಟ್ಟಿಗೆಗೆ ಸುತ್ತುವ ಪ್ಲಾಸ್ಟಿಕ್ ಪಟ್ಟಿಯನ್ನು ಬಲೆಯಂತೆ ಹೆಣೆದು ಮಣ್ಣಿನ ಗೋಡೆಗೆ ಹೊದಿಸುವ ವಿಧಾನವೂ ಬೆಳೆದಿದೆ, ನೇಪಾಳದಲ್ಲಿ ಬಳಸಿದ್ದಾರೆ. ಪ್ಲಾಸ್ಟಿಕ್ ಎಂದು ಮೂಗು ಮುರಿಯಬೇಕಿಲ್ಲ. ಗಿಲಾವಿನ ಒಳಗೆ ಬಿಸಿಲು ತಾಗದೆ ದಶಕಗಳ ಕಾಲ ಕೆಲಸ ಮಾಡುವ ಕೆಲವು ಕಿಲೋ ಪ್ಲಾಸ್ಟಿಕ್ ಅದು.

## ಲೆಕ್ಕ ಆಳಕ್ಕೆ ಇಳಿದಾಗ

ಭೂಕಂಪ ಬರದೇ ಹೋದ್ರೆ ಹಾಕಿದ ಸಿಮೆಂಟೆಲ್ಲ ದಂಡ ಅಲ್ವಾ?

ಒಳ್ಳೆಯ ಪ್ರಶ್ನೆ. ಇದಕ್ಕೆ ನೇರ ಲೆಕ್ಕವೇ ಇದೆ. ಬಲಪಡಿಸಲು ತಗಲುವ ಇಂಗಾಲವನ್ನು ಮನೆ ಮತ್ತೆ ಕಟ್ಟಲು ತಗಲುವ ಇಂಗಾಲದಿಂದ ಭಾಗಿಸಿ. ಮೇಲಿನ ಕಲ್ಲಿನ ಮನೆಗೆ 0.9 ಭಾಗಿಸು 18, ಅಂದರೆ ಶೇ 5. ಮನೆಯ ಉಳಿದ ಆಯಸ್ಸಿನಲ್ಲಿ ಅದನ್ನು ಬೀಳಿಸುವಂಥ ಭೂಕಂಪ ಬರುವ ಸಾಧ್ಯತೆ ಶೇ 5ಕ್ಕಿಂತ ಜಾಸ್ತಿ ಇದ್ದರೆ ಇಂಗಾಲದ ಲೆಕ್ಕದಲ್ಲೇ ಲಾಭ. ಅಪಾರ್ಟ್‌ಮೆಂಟಿಗೆ 10 ಭಾಗಿಸು 300, ಅಂದರೆ ಶೇ 3ರ ಹತ್ತಿರ.

ಇದರಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಬಲಪಡಿಸಲು ಹೊಸ ಮನೆಯ ಶೇ 30ರಷ್ಟು ಸಾಮಾನು ಸುರಿದರೆ ವಲಯ 2ರಂಥ ಕಡೆ ಇಂಗಾಲದ ಲೆಕ್ಕ ಕೂಡಿಬರುವುದಿಲ್ಲ. ಜೀವದ ಲೆಕ್ಕದಲ್ಲಿ ಅದು ಸರಿ ಇರಬಹುದು, ಆದರೆ ಹಸಿರು ಎಂದು ಹೇಳಿಕೊಳ್ಳುವಂತಿಲ್ಲ. ಅಪಾಯ ಕಡಿಮೆ ಇರುವ ನಮ್ಮಂಥ ಕಡೆ ಹಗುರ ವಿಧಾನಗಳಿಗೇ ಬೆಲೆ. ಭಾರ ಇಳಿಸಿ, ಜೋಡಣೆ ಬಿಗಿ ಮಾಡಿ, ಪಟ್ಟಿ ಕಟ್ಟಿ.

ಲೆಕ್ಕಕ್ಕೆ ಸಿಗದ ಲಾಭವೂ ಇದೆ. ನಮ್ಮಲ್ಲಿ ಹಳೇ ಮನೆಗಳನ್ನು ಕೆಡವುವುದು ಭೂಕಂಪವಲ್ಲ, ಭಯ ಮತ್ತು ಬೇಸರ. ಬಿರುಕು ಕಂಡಿತು, ಸೋರಿತು, ಕೆಡವಿದರು. ಗಟ್ಟಿ ಮಾಡಿದ ಮನೆಯಲ್ಲಿ ಇನ್ನೊಂದು ತಲೆಮಾರು ಬದುಕುತ್ತದೆ. ಭೂಕಂಪ ಬರಲಿ, ಬರದಿರಲಿ, 18 ಟನ್ ಅಷ್ಟು ವರ್ಷ ಮುಂದಕ್ಕೆ ಹೋಗುತ್ತದೆ.

ಇದನ್ನೆಲ್ಲ ಅಳೆಯೋಕೆ ಒಪ್ಪಿದ ವಿಧಾನ ಅಂತ ಇದೆಯಾ?

ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ ಪಿ-58 ಎಂಬ ವಿಧಾನ ಇದೆ. ಯಾವ ತೀವ್ರತೆಗೆ ಕಟ್ಟಡದ ಯಾವ ಭಾಗ ಎಷ್ಟು ಹಾಳಾಗುತ್ತದೆ, ದುರಸ್ತಿಗೆ ಎಷ್ಟು ಹಣ, ಎಷ್ಟು ದಿನ, ಎಷ್ಟು ಇಂಗಾಲ ಎಂದು ಅದು ಅಂದಾಜು ಮಾಡುತ್ತದೆ. ನಮ್ಮ ಕಲ್ಲು ಮಣ್ಣಿನ ಮನೆಗಳಿಗೆ ಅದನ್ನು ಹಾಗೇ ಬಳಸಲಾಗದು. ಇಲ್ಲಿನ ವಸ್ತುಗಳಿಗೆ ಆಧಾರ ಬೇಕೆಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕ ನೋಡಬೇಕು. ಚದರ ಮೀಟರ್ ಕಟ್ಟಡಕ್ಕೆ ಹಿಡಿಯುವ ಶಕ್ತಿ ಆರ್‌ಸಿಸಿ ಬಹುಮಹಡಿಗೆ 4.21 ಗಿಗಾಜೂಲ್, ಇಟ್ಟಿಗೆ ಗೋಡೆಯ ಎರಡು ಮಹಡಿ ಮನೆಗೆ 2.92, ಮಣ್ಣು-ಸಿಮೆಂಟ್ ಬ್ಲಾಕಿನ ಮನೆಗೆ 1.61. ಈಗಾಗಲೇ ನಿಂತಿರುವ ಮನೆಗೆ ಆ ಶಕ್ತಿಯನ್ನು ಎಂದೋ ಖರ್ಚು ಮಾಡಿ ಆಗಿದೆ.

ಜನ ಉಳಿದ್ರೆ ಸಾಕಲ್ವಾ, ಕಟ್ಟಡ ಹಾಳಾದ್ರೇನು?

ಸಂಹಿತೆಗಳು ಸಾಮಾನ್ಯವಾಗಿ ಹೇಳುವುದೂ ಇದನ್ನೇ: ದೊಡ್ಡ ಭೂಕಂಪದಲ್ಲಿ ಕಟ್ಟಡ ಬಿರುಕು ಬಿಡಲಿ, ಬಾಗಲಿ, ಕುಸಿಯದಿದ್ದರೆ ಸಾಕು. ಜೀವದ ದೃಷ್ಟಿಯಿಂದ ಸರಿ. ಪರಿಸರದ ದೃಷ್ಟಿಯಿಂದ ಇದರ ಬೆಲೆ ಏನು ಎಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ತೋರಿಸಿತು. 2011ರ ಫೆಬ್ರವರಿ 22ರ ಭೂಕಂಪದಲ್ಲಿ ಅಲ್ಲಿ 185 ಜನ ಸತ್ತರು. ಬಹುಮಹಡಿ ಕಾಂಕ್ರೀಟ್ ಕಟ್ಟಡಗಳಲ್ಲಿ ಹೆಚ್ಚಿನವು ನಿಂತೇ ಇದ್ದವು. ಆದರೂ ನಗರದ ಮಧ್ಯಭಾಗದ ಅಂಥ ಕಟ್ಟಡಗಳಲ್ಲಿ ಹತ್ತಿರ ಹತ್ತಿರ ಶೇ 60ರಷ್ಟನ್ನು ಆಮೇಲೆ ಕೆಡವಿದರು. ದುರಸ್ತಿ ಆಗಬಹುದಾಗಿದ್ದವೂ ಅದರಲ್ಲಿದ್ದವು. ವಿಮೆಯ ಹಣ ಕೈಗೆ ಬಂದಾಗ ದುರಸ್ತಿಗಿಂತ ಕೆಡವುವುದೇ ಸುಲಭವಾಗಿ ಕಂಡಿತು.

ಶಾಲೆ, ಆಸ್ಪತ್ರೆಯಂಥ ಕಟ್ಟಡಗಳಿಗೆ ಸ್ವಲ್ಪ ಹೆಚ್ಚು ಖರ್ಚಾದರೂ ಭೂಕಂಪದ ಮಾರನೇ ದಿನ ಬಳಸುವಂತೆ ಬಲಪಡಿಸುವುದು ಒಳ್ಳೇದು ಎನ್ನುವುದು ಇದಕ್ಕೇ.

ಗಟ್ಟಿ ಮಾಡುವಾಗಲೇ ಕರೆಂಟ್ ಬಿಲ್ ಕಡಿಮೆ ಆಗೋ ಹಾಗೆ ಏನಾದ್ರೂ ಮಾಡಬಹುದಾ?

ಮಾಡಲೇಬೇಕು. ಸಾರವೆ ಒಮ್ಮೆ ಕಟ್ಟಿದ್ದೀರಿ, ಗಿಲಾವು ಒಮ್ಮೆ ಕಿತ್ತಿದ್ದೀರಿ. ಇಟಲಿಯಲ್ಲಿ ಭೂಕಂಪಕ್ಕೆ ಬಲಪಡಿಸುವವರಿಗೂ ಶಕ್ತಿ ಉಳಿಸುವವರಿಗೂ ಸರ್ಕಾರ ತೆರಿಗೆ ರಿಯಾಯಿತಿ ಕೊಟ್ಟು, ಎರಡನ್ನೂ ಒಟ್ಟಿಗೆ ಮಾಡಲು ಪ್ರೋತ್ಸಾಹಿಸಿತು. ಅಲ್ಲಿ ಚಿಂತೆ ಚಳಿಯದ್ದು, ನಮ್ಮಲ್ಲಿ ಬಿಸಿಲಿನದ್ದು. ತಾರಸಿಗೆ ಬಿಳಿ ಬಣ್ಣ, ಪಶ್ಚಿಮದ ಗೋಡೆಗೆ ನೆರಳು, ಮುಚ್ಚಿಹೋದ ಬೆಳಕಿಂಡಿಗಳನ್ನು ತೆರೆಯುವುದು ಇವೆಲ್ಲ ಅದೇ ಕೂಲಿಯಲ್ಲಿ ಆಗುತ್ತವೆ. ಗೋಡೆಯಲ್ಲಿ ಹೊಸ ಕಿಟಕಿ ಒಡೆಯುವುದಾದರೆ ಮಾತ್ರ ಮೂಲೆಯಿಂದ ದೂರ ಇರಲಿ.

ಹಾಗಾದ್ರೆ ಕೆಡವೋದೇ ಸರಿ ಅನ್ನೋದು ಯಾವಾಗ?

ಪಾಯ ಕುಸಿಯುತ್ತಿದ್ದರೆ. ಗೋಡೆ ಎತ್ತರದ ಉದ್ದಕ್ಕೂ ಹೊಟ್ಟೆ ಬಿಟ್ಟು ನೇರ ಮಾಡಲಾಗದ ಸ್ಥಿತಿಗೆ ಬಂದಿದ್ದರೆ. ಕಾಂಕ್ರೀಟಿನ ಒಳಗಿನ ಕಂಬಿ ತುಕ್ಕು ಹಿಡಿದು ಎಲ್ಲ ಕಂಬಗಳಲ್ಲೂ ಉಬ್ಬಿದ್ದರೆ. ಸಮುದ್ರದ ಮರಳನ್ನು ತೊಳೆಯದೆ ಬಳಸಿದ ಕರಾವಳಿಯ ಕಟ್ಟಡಗಳಲ್ಲಿ ಇದು ಆಗಬಹುದು. ಒಬ್ಬರ ಮಾತಿಗೆ ತೀರ್ಮಾನಿಸಬೇಡಿ. ಕೆಡವಿ ಕಟ್ಟುವ ಗುತ್ತಿಗೆ ಬೇಕಾದವರನ್ನು ಬಿಟ್ಟು ಬೇರೆ ಎಂಜಿನಿಯರ್ ಒಬ್ಬರಿಂದ ತಪಾಸಣೆ ಮಾಡಿಸಿ.

ಕೆಡವಲೇಬೇಕಾದರೆ ಜೆಸಿಬಿ ತರಿಸುವ ಮುಂಚೆ ಬಾಗಿಲು, ಕಿಟಕಿ, ತೊಲೆ, ಹಂಚು, ಕಡಪಾ ಕಲ್ಲು, ಶಹಾಬಾದ್ ಕಲ್ಲುಗಳನ್ನು ಕೈಯಿಂದ ಬಿಡಿಸಿಕೊಳ್ಳಿ. ಹಳೇ ಸಾಗುವಾನಿ ತೊಲೆಗೆ ಕೊಳ್ಳುವವರು ಎಲ್ಲ ಊರಲ್ಲೂ ಇದ್ದಾರೆ. ಗೋಡೆಯ ಕಲ್ಲು ಹೊಸ ಮನೆಯ ಪಾಯಕ್ಕೇ ಆಗುತ್ತದೆ. ಹೊಸ ಮನೆಯ ಗೋಡೆಯನ್ನೂ ಅದೇ ಕಲ್ಲಿನಲ್ಲಿ ಕಟ್ಟುವುದಾದರೆ ಈ ಸಲ ಉದ್ದ ಕಲ್ಲುಗಳನ್ನು ಮರೆಯದೆ ಇಡಿಸಿ, ಬಾಗಿಲ ತಲೆಯ ಮಟ್ಟಕ್ಕೆ ಗೋಡೆಯ ಸುತ್ತಲೂ ಒಂದು ಪಟ್ಟಿ (ಬ್ಯಾಂಡ್) ಹಾಕಿಸಿ.